ಪಂಕ್ತಿಯಿಂದ ಎದ್ದುಹೋದ ಪೇತ್ರ

ಭಾನುವಾರದ ಆರಾಧನೆಯ ಸಂದೇಶ: "ಪವಿತ್ರಾತ್ಮನು ಮತ್ತು ಸಭೆ" ಅಧ್ಯಯನ ಮಾಲಿಕೆ, ಭಾಗ 6

ಓದಬೇಕಾದ ವಾಕ್ಯಭಾಗ: ಗಲಾತ್ಯದವರಿಗೆ 2:11-14, ಅಪೊಸ್ತಲರ ಕೃತ್ಯಗಳು 10:9-48

  

ಕಳೆದ ವಾರ ನಾವು ಕೈಸರೈಯದಲ್ಲಿ, ಕೊರ್ನೇಲ್ಯನ ಮನೆಯಲ್ಲಿ ಇದ್ದೆವು. ಯೊಪ್ಪದ ಮಾಳಿಗೆಯ ಮೇಲೆ ಪೇತ್ರನಿಗೆ ಒಂದು ದರ್ಶನ ಮೂರು ಸಾರಿ ಆಯ್ತು. ದೇವರು ಶುದ್ಧಮಾಡಿದ್ದನ್ನು ನೀನು ಹೊಲೆ ಎನ್ನಬಾರದು ಎಂಬುದು ಅದರ ಸಾರ. ಆಮೇಲೆ ಪೇತ್ರ ರೋಮಿನ ಶತಾಧಿಪತಿಯ ಮನೆಯೊಳಗೆ ಕಾಲಿಟ್ಟ, ಸುವಾರ್ತೆ ಹೇಳಿದ, ಮಾತು ಮುಗಿಯುವ ಮುಂಚೆಯೇ ಪವಿತ್ರಾತ್ಮನು ಇಳಿದುಬಂದನು. ಅನ್ಯಜನರು ಅನ್ಯಭಾಷೆಯಲ್ಲಿ ಮಾತಾಡಿ ದೇವರನ್ನು ಕೊಂಡಾಡಿದರು. ಹಲ್ಲೆಲೂಯಾ!

ಕಥೆ ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿರ್ತಿತ್ತು ಅಲ್ವಾ? ಆದರೆ ಮುಗಿಯಲಿಲ್ಲ. ಈ ದಿನ ನಾವು ಅದೇ ಪೇತ್ರನನ್ನು ಇನ್ನೊಂದು ಊರಲ್ಲಿ ನೋಡೋಣ. ಪೇತ್ರನಿಗೆ ಆದದ್ದು ನಮ್ಮ ಪೆಂತೆಕೊಸ್ತ್ ಚರಿತ್ರೆಯಲ್ಲೂ ಆಯಿತು. ಅದನ್ನೂ ನೋಡಬೇಕು. ಇದು ಸುಲಭದ ಪಾಠ ಅಲ್ಲ. ದಯವಿಟ್ಟು ಗಮನಕೊಟ್ಟು ಕೇಳಿರಿ.

1. ಅಂತಿಯೋಕ್ಯದಲ್ಲಿ ನಡೆದದ್ದು

ಅಂತಿಯೋಕ್ಯ ಎಂಥ ಸಭೆ? ಶಿಷ್ಯರಿಗೆ ಕ್ರೈಸ್ತರು ಎಂಬ ಹೆಸರು ಮೊದಲು ಬಂದದ್ದೇ ಅಲ್ಲಿ. ಅಪೊಸ್ತಲರ ಕೃತ್ಯಗಳು 13ನೇ ಅಧ್ಯಾಯದ ಆರಂಭದಲ್ಲಿ ಆ ಸಭೆಯ ಪ್ರವಾದಿಗಳ, ಬೋಧಕರ ಹೆಸರುಗಳಿವೆ. ಕುಪ್ರದ್ವೀಪದ ಬಾರ್ನಬ, ಆಫ್ರಿಕದ ಕುರೇನ್ಯದಿಂದ ಬಂದ ಲೂಕ್ಯ, ನೀಗರನೆನಿಸಿಕೊಂಡ ಸಿಮೆಯೋನ. ನೀಗರ ಅಂದ್ರೆ ಕಪ್ಪಗಿರುವವನು ಎಂದರ್ಥ. ಅರಮನೆಯಲ್ಲಿ ಬೆಳೆದವನೊಬ್ಬ, ತಾರ್ಸದ ಸೌಲನೊಬ್ಬ. ಇವರೆಲ್ಲ ಒಂದೇ ಸಭೆಯಲ್ಲಿ ಸೇವೆ ಮಾಡುತ್ತಿದ್ದರು.

ಆ ಊರಿಗೆ ಪೇತ್ರ ಬಂದ. ಮೊದಲು ಅನ್ಯಜನರ ಜೊತೆ ಕೂತು ಊಟಮಾಡುತ್ತಿದ್ದ. ಆಮೇಲೆ ಯೆರೂಸಲೇಮಿನಿಂದ ಕೆಲವರು ಬಂದರು. ಅವರು ಏನಂದ್ಕೋತಾರೋ ಎಂಬ ಭಯ ಅವನನ್ನು ಹಿಡಿಯಿತು. ಮೆಲ್ಲಗೆ ಹಿಂದಕ್ಕೆ ಸರಿದ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು, ಕೊನೆಗೆ ಬಾರ್ನಬನೂ ಎದ್ದ.

ಪ್ರಿಯರೇ, ನಮ್ಮ ಕನ್ನಡದಲ್ಲಿ ಇದಕ್ಕೆ ಒಂದು ಹೆಸರು ಬಹಳ ಹಿಂದಿನಿಂದ ಇದೆ: ಪಂಕ್ತಿಭೇದ. ಇವರು ಕೂತ ಸಾಲಲ್ಲಿ ಅವರು ಕೂರಬಾರದು. ಊಟ ಒಂದೇ, ಅನ್ನ ಒಂದೇ, ಸಾಲು ಮಾತ್ರ ಬೇರೆ.

ಒಂದು ವಿಷಯ ಚೆನ್ನಾಗಿ ಗಮನಿಸಿರಿ. ಪೇತ್ರ ತನ್ನ ಉಪದೇಶವನ್ನು ಬದಲಾಯಿಸಲಿಲ್ಲ. ಅನ್ಯಜನರಿಗೆ ರಕ್ಷಣೆ ಇಲ್ಲ ಅಂತ ಅವನು ಹೇಳಲಿಲ್ಲ. ಅವರ ದೀಕ್ಷಾಸ್ನಾನವನ್ನು ರದ್ದುಮಾಡಲಿಲ್ಲ. ಅವನು ಮಾಡಿದ್ದು ಇಷ್ಟೇ: ಎದ್ದು ಬೇರೆ ಕಡೆ ಕೂತ. "ನಾನೇನು ಅವರನ್ನು ದ್ವೇಷಿಸ್ತೀನಾ? ಬೇರೆ ಕೂತರೆ ತಪ್ಪೇನು?" ಅಂತ ಅವನು ಕೇಳಬಹುದಿತ್ತು. ಆದರೆ ಪೌಲ ಸುಮ್ಮನಿರಲಿಲ್ಲ. ಎಲ್ಲರ ಮುಂದೆ, ಮುಖಾಮುಖಿಯಾಗಿ ಎದುರಿಸಿದ. ಇವರ ನಡತೆ ಸುವಾರ್ತೆಯ ಸತ್ಯಕ್ಕೆ ನೆಟ್ಟಗಿಲ್ಲ ಎಂಬುದೇ ಅವನ ಆಕ್ಷೇಪ. ಅಂದ್ರೆ ಯಾರ ಪಕ್ಕದಲ್ಲಿ ಊಟಕ್ಕೆ ಕೂರ್ತೀವಿ ಎಂಬುದು ಸುವಾರ್ತೆಗೆ ಸೇರಿದ ವಿಷಯ.

ಈ ದಿನದ ಪಾಠವನ್ನು ಒಂದೇ ಮಾತಿನಲ್ಲಿ ಹೇಳ್ತೇನೆ, ಬರೆದುಕೊಳ್ಳಿರಿ. ಪವಿತ್ರಾತ್ಮಭರಿತನಾದವನೂ ಜನರ ಭಯದಿಂದ ಪಂಕ್ತಿ ಬಿಟ್ಟು ಏಳಬಹುದು. ಅಭಿಷೇಕ ಹೊಂದುವುದು ಒಂದು, ಅಭಿಷೇಕ ನಮ್ಮನ್ನು ಕೂರಿಸಿದ ಜಾಗದಲ್ಲೇ ಕೂತಿರುವುದು ಇನ್ನೊಂದು.

2. ಬಾಗಿಲ ಹೊರಗೆ ಕುಳಿತ ವಿದ್ಯಾರ್ಥಿ

ಈಗ ಅಮೆರಿಕಕ್ಕೆ ಬನ್ನಿ. ಅಲ್ಲಿ 1865ರಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿಯಿತು. ಆದರೆ ದಕ್ಷಿಣದ ರಾಜ್ಯಗಳು ಬಿಳಿಯರನ್ನೂ ಕಪ್ಪುಜನರನ್ನೂ ಬೇರೆಬೇರೆ ಇಡುವ ಕಾನೂನುಗಳನ್ನು ತಂದವು. ರೈಲು ಬೇರೆ, ಶಾಲೆ ಬೇರೆ, ನೀರು ಕುಡಿಯುವ ನಲ್ಲಿ ಬೇರೆ. 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಬೇರೆಯಾಗಿದ್ದರೂ ಸಮಾನವಾಗಿದ್ದರೆ ಸಾಕು ಎಂಬ ಅರ್ಥದಲ್ಲಿ ಇದನ್ನು ಒಪ್ಪಿತು. ಅಂತಿಯೋಕ್ಯದಲ್ಲಿ ಪೇತ್ರ ಮಾಡಿದ್ದಕ್ಕೆ ಇಲ್ಲಿ ಕಾನೂನಿನ ಮುದ್ರೆ ಬಿತ್ತು ನೋಡ್ರಿ!

ಆ ಕಾಲದಲ್ಲಿ ವಿಲಿಯಂ ಸೀಮೋರ್ ಎಂಬ ದೇವಸೇವಕನಿದ್ದ. 1870ರಲ್ಲಿ ಲೂಸಿಯಾನದಲ್ಲಿ, ಹಿಂದೆ ಗುಲಾಮರಾಗಿದ್ದ ತಂದೆತಾಯಿಗೆ ಹುಟ್ಟಿದವನು. ಸಿಡುಬಿನಿಂದ ಒಂದು ಕಣ್ಣು ಕಳಕೊಂಡಿದ್ದ. ಟೆಕ್ಸಸ್ಸಿನ ಹ್ಯೂಸ್ಟನ್ನಿನಲ್ಲಿ ಚಾರ್ಲ್ಸ್ ಪಾರಹ್ಯಾಮ್ ಎಂಬ ಬಿಳಿಯ ಬೋಧಕ ಬೈಬಲ್ ಶಾಲೆ ನಡೆಸುತ್ತಿದ್ದ. ಪವಿತ್ರಾತ್ಮನ ದೀಕ್ಷಾಸ್ನಾನದ ಬಗ್ಗೆ ಕಲಿಯಬೇಕೆಂದು ಸೀಮೋರ್ ಅಲ್ಲಿಗೆ ಹೋದ. ಆದರೆ ಬಿಳಿಯರ ಜೊತೆ ತರಗತಿಯಲ್ಲಿ ಕೂರುವ ಹಾಗಿಲ್ಲ. ಬಾಗಿಲು ತೆರೆದಿಟ್ಟರು, ಅವನು ಹೊರಗಿನ ಓಣಿಯಲ್ಲಿ ಕೂತು ಕೇಳಿಸಿಕೊಂಡ. ಒಳಗೆ ಪವಿತ್ರಾತ್ಮನ ಪಾಠ, ಹೊರಗೆ ಹಸಿದ ವಿದ್ಯಾರ್ಥಿ.

1906ರಲ್ಲಿ ಸೀಮೋರ್ ಲಾಸ್ ಏಂಜಲೀಸಿಗೆ ಹೋದ. ಅವನನ್ನು ಕರೆಸಿಕೊಂಡ ಸಭೆಯೇ ಅವನ ಬೋಧನೆ ಒಪ್ಪದೆ ಬಾಗಿಲಿಗೆ ಬೀಗ ಹಾಕಿತು. ಅವನು ಬಿಡಲಿಲ್ಲ. ಬಾನೀ ಬ್ರೇ ಬೀದಿಯ ಒಂದು ಮನೆಯಲ್ಲಿ ಪ್ರಾರ್ಥನೆ ಮುಂದುವರಿಸಿದ. ಏಪ್ರಿಲ್ 9ರಂದು ಪವಿತ್ರಾತ್ಮನು ಅಲ್ಲಿ ಇಳಿದನು. ಜನ ಹೆಚ್ಚಾದಾಗ ಅಜೂಸಾ ಬೀದಿಯ 312ನೇ ನಂಬರಿನ ಹಳೇ ಕಟ್ಟಡಕ್ಕೆ ಹೋದರು. ಅದು ಒಂದು ಕಾಲಕ್ಕೆ ಕಪ್ಪುಜನರ ಮೆಥೊಡಿಸ್ಟ್ ದೇವಾಲಯ, ಆಮೇಲೆ ಕುದುರೆಲಾಯ. ಮರದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು ಪೀಠ ಮಾಡಿದ್ದರು. ಸೀಮೋರ್ ಎಷ್ಟೋ ಹೊತ್ತು ಅದರೊಳಗೆ ತಲೆಯಿಟ್ಟು ಪ್ರಾರ್ಥಿಸುತ್ತಿದ್ದನಂತೆ.

ಅಲ್ಲಿ ಏನಾಯ್ತು? ಕಪ್ಪುಜನ, ಬಿಳಿಯರು, ಮೆಕ್ಸಿಕೋದವರು, ಬೇರೆ ದೇಶಗಳಿಂದ ಬಂದ ವಲಸಿಗರು ಒಟ್ಟಿಗೆ ಮೊಣಕಾಲೂರಿದರು. ಬಿಳಿಯ ಬೋಧಕರು ಕಪ್ಪು ಹೆಂಗಸರ ಕೈ ತಮ್ಮ ತಲೆಯ ಮೇಲಿಡಿಸಿಕೊಂಡು ಪ್ರಾರ್ಥನೆ ಮಾಡಿಸಿಕೊಂಡರು. ಆ ಕಾಲದ ಅಮೆರಿಕದಲ್ಲಿ ಇದು ಕೇಳಿರದ ಮಾತು. ಬಣ್ಣದ ಗೆರೆ ಅಲ್ಲಿ ಅಳಿಸಿಹೋಗಿತ್ತೆಂದು ಫ್ರಾಂಕ್ ಬಾರ್ಟಲ್‌ಮನ್ ಎಂಬ ಬಿಳಿಯ ಬೋಧಕ ಸಾಕ್ಷಿ ಬರೆದಿಟ್ಟಿದ್ದಾನೆ. ಹೊರಗೆ ಓಣಿಯಲ್ಲಿ ಕೂರಿಸಲ್ಪಟ್ಟವನನ್ನು ದೇವರು ಎಲ್ಲರನ್ನೂ ಒಳಗೆ ಕರೆಯುವ ಸೇವಕನನ್ನಾಗಿ ಮಾಡಿದನು. ದೇವರಿಗೆ ಮಹಿಮೆ!

ಇಲ್ಲಿ ನಮ್ಮ ಕಡೆಯ ಒಂದು ಮಾತು. ಅಜೂಸಾಕ್ಕಿಂತ ಒಂದು ವರ್ಷ ಮುಂಚೆ, 1905ರಲ್ಲಿ, ಪುಣೆಯ ಹತ್ತಿರ ಕೇಡಗಾಂವಿನ ಮುಕ್ತಿ ಸದನದಲ್ಲಿ ಉಜ್ಜೀವನ ಬಂತು. ಅದನ್ನು ಕಟ್ಟಿದ ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಅವರ ತಂದೆ ಹೆಂಡತಿಗೆ ಸಂಸ್ಕೃತ ಕಲಿಸಿ ಜನರ ವಿರೋಧ ಕಟ್ಟಿಕೊಂಡವರು. ಮಗಳು ವಿಧವೆಯರನ್ನೂ ಕ್ಷಾಮದಲ್ಲಿ ಸಿಕ್ಕಿಕೊಂಡ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡರು. ಶುಭಕಾರ್ಯದ ಸಾಲಿನಿಂದ ಊರು ಯಾರನ್ನು ಎಬ್ಬಿಸಿ ಕಳಿಸಿತ್ತೋ ಅವರ ಮೇಲೆ ಆತ್ಮನು ಇಳಿದನು. ಮುಕ್ತಿಯಲ್ಲೂ ಅಷ್ಟೆ, ಅಜೂಸಾದಲ್ಲೂ ಅಷ್ಟೆ. ದೇವರು ಎಲ್ಲಿಂದ ಶುರುಮಾಡ್ತಾನೆ ನೋಡಿರಿ.

3. ಮತ್ತೆ ಎದ್ದುಹೋದರು

ಆದರೆ ಅಂತಿಯೋಕ್ಯ ಬಂತು. 1906ರ ಅಕ್ಟೋಬರಿನಲ್ಲಿ ಪಾರಹ್ಯಾಮ್ ಅಜೂಸಾಕ್ಕೆ ಬಂದ. ಅವನ ವಿದ್ಯಾರ್ಥಿಯೇ ಆ ಸೇವೆಯ ನಾಯಕ, ಸಂತೋಷಪಡಬೇಕಿತ್ತು. ಆದರೆ ಕಪ್ಪುಜನರೂ ಬಿಳಿಯರೂ ಹೀಗೆ ಬೆರೆತು ಪ್ರಾರ್ಥಿಸುವುದನ್ನು ಕಂಡು ಅವನಿಗೆ ಅಸಹ್ಯವಾಯಿತು. ಅವರ ಜನಾಂಗವನ್ನು ಹೀಗಳೆದು ಮಾತಾಡಿದ. ಸೀಮೋರನ ಸಭೆ ಅವನಿಗೆ ಪೀಠ ಕೊಡದಿದ್ದಾಗ ಅದೇ ಊರಲ್ಲಿ ಬೇರೆ ಕೂಟ ಶುರುಮಾಡಿದ.

ಉಳಿದವರು ಹೀಗೆ ಗಲಾಟೆ ಮಾಡಿಕೊಂಡು ಹೋಗಲಿಲ್ಲ, ಮೆಲ್ಲಗೆ ಹೋದರು. ಚಾರ್ಲ್ಸ್ ಮೇಸನ್ ಎಂಬ ಕಪ್ಪು ದೇವಸೇವಕ 1907ರಲ್ಲಿ ಅಜೂಸಾಕ್ಕೆ ಬಂದು ಅಭಿಷೇಕ ಹೊಂದಿ ಟೆನೆಸ್ಸಿಯ ಮೆಂಫಿಸ್ಸಿಗೆ ಮರಳಿದ. ಅವನು ನಡೆಸಿದ ಸಂಘಟನೆಯ ಹೆಸರು ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್. ಅದು ಸರ್ಕಾರದಲ್ಲಿ ನೋಂದಾಯಿತವಾಗಿತ್ತು, ಬಹಳಷ್ಟು ಬಿಳಿಯ ಬೋಧಕರೂ ಅದರ ಹೆಸರಿನಲ್ಲೇ ಅಧಿಕಾರಪತ್ರ ಪಡೆದಿದ್ದರು. 1914ರ ಏಪ್ರಿಲ್‌ನಲ್ಲಿ ಅರ್ಕನ್ಸಾದ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಸುಮಾರು 300 ಮಂದಿ ಸೇರಿ ಅಸೆಂಬ್ಲೀಸ್ ಆಫ್ ಗಾಡ್ ಸ್ಥಾಪಿಸಿದರು, ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. 1924ರಲ್ಲಿ ಎರಡೂ ಬಣ್ಣದವರು ಒಟ್ಟಿಗಿದ್ದ ಇನ್ನೊಂದು ಪೆಂತೆಕೊಸ್ತ್ ಸಂಘಟನೆಯೂ ಬಣ್ಣದ ಗೆರೆಯಲ್ಲೇ ಒಡೆಯಿತು. 1948ರಲ್ಲಿ ಪೆಂತೆಕೊಸ್ತ್ ಸಭೆಗಳ ಉತ್ತರ ಅಮೆರಿಕ ಒಕ್ಕೂಟ ಹುಟ್ಟಿದಾಗ ಅದರಲ್ಲಿ ಒಂದೇ ಒಂದು ಕಪ್ಪುಜನರ ಸಭೆ ಇರಲಿಲ್ಲ.

ಯಾಕೆ ಎದ್ದುಹೋದರು? ದಕ್ಷಿಣದಲ್ಲಿ ಬೆರೆತ ಕೂಟ ನಡೆಸೋದು ಅಪಾಯ ಎಂದರು ಕೆಲವರು. ಪತ್ರಿಕೆಗಳು ನಗ್ತವೆ ಎಂದರು ಇನ್ನು ಕೆಲವರು. ನಿಜ, 1906ರ ಏಪ್ರಿಲ್ 18ರಂದೇ ಲಾಸ್ ಏಂಜಲೀಸ್ ಟೈಮ್ಸ್ ಅಜೂಸಾವನ್ನು ಗೇಲಿಮಾಡಿ ಬರೆದಿತ್ತು. ಬಿಳಿಯರ ಮಧ್ಯೆ ಸೇವೆ ಬೆಳೀಬೇಕಾದ್ರೆ ಬೇರೆ ಇರೋದೇ ವಿವೇಕ ಎಂದರು ಮತ್ತೂ ಕೆಲವರು. ಅಂತಿಯೋಕ್ಯದಲ್ಲಿ ಪೇತ್ರನನ್ನು ಎಬ್ಬಿಸಿದ್ದೂ ಇದೇ ಜನರ ಭಯ. ಪಂಕ್ತಿಭೇದ ಸಾಮಾನ್ಯವಾಗಿ ದ್ವೇಷದ ಮುಖ ಹೊತ್ತುಕೊಂಡು ಬರೋದಿಲ್ಲ, ವಿವೇಕದ ಮುಖ ಹೊತ್ತುಕೊಂಡು ಬರುತ್ತೆ.

ಸೀಮೋರನಿಗೆ ಇದು ಎಷ್ಟು ನೋವಾಗಿರಬೇಕು ಯೋಚಿಸಿರಿ. 1915ರಲ್ಲಿ ಅವನು ತನ್ನ ಸಭೆಗೆ ನಿಯಮ ಬರೆದಾಗ, ಮುಖ್ಯ ಅಧಿಕಾರಿಗಳು ಕಪ್ಪುಜನರೇ ಆಗಿರಬೇಕೆಂದು ಸೇರಿಸಿದ. ಎಲ್ಲರಿಗೂ ಬಾಗಿಲು ತೆರೆದವನು ಕೊನೆಗೆ ಬಾಗಿಲಿಗೆ ಕಾವಲು ಇಡಬೇಕಾಯ್ತು. 1922ರಲ್ಲಿ ತೀರಿಕೊಂಡ. 1931ರಲ್ಲಿ ಆ ಕಟ್ಟಡವನ್ನೂ ಕೆಡವಿದರು.

4. ಬೇರೆ ಕೂತದ್ದರ ಬೆಲೆ

"ಪಾಸ್ಟರ್, ಅವರವರ ಸಭೆಯಲ್ಲಿ ಅವರವರು ಆರಾಧಿಸಿದ್ರೆ ನಷ್ಟ ಏನು?" ಅಂತ ಯಾರಾದ್ರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಷ್ಟ ಇದು: ಪಕ್ಕದಲ್ಲಿ ಕೂರದವನ ಅಳು ನಮಗೆ ಕೇಳಿಸೋದಿಲ್ಲ.

1955ರ ಆಗಸ್ಟ್. ಎಮ್ಮೆಟ್ ಟಿಲ್ ಎಂಬ 14 ವರ್ಷದ ಹುಡುಗ ಶಿಕಾಗೋದಿಂದ ಮಿಸಿಸಿಪ್ಪಿಯ ನೆಂಟರ ಮನೆಗೆ ಬಂದಿದ್ದ. ಅಂಗಡಿಯಲ್ಲಿದ್ದ ಬಿಳಿಯ ಹೆಂಗಸಿನ ಹತ್ತಿರ ಸಲಿಗೆಯಿಂದ ನಡಕೊಂಡ ಎಂಬ ಆರೋಪ. ಆಗಸ್ಟ್ 28ರ ನಡುರಾತ್ರಿ ಮನೆಗೆ ನುಗ್ಗಿ ಅವನನ್ನು ಎತ್ತಿಕೊಂಡು ಹೋದರು. ಮೂರು ದಿನದ ಮೇಲೆ ಹೊಳೆಯಲ್ಲಿ ಹೆಣ ಸಿಕ್ಕಿತು. ಅವನ ತಾಯಿ ಮೇಮಿ ಶವಪೆಟ್ಟಿಗೆಯ ಮುಚ್ಚಳ ಹಾಕಲು ಬಿಡಲಿಲ್ಲ. ನನ್ನ ಮಗನಿಗೆ ಏನು ಮಾಡಿದ್ದಾರೆಂದು ಲೋಕ ನೋಡಲಿ ಎಂಬುದೇ ಆ ತಾಯಿಯ ಹಟ. ಸಾವಿರಾರು ಜನ ಸಾಲಾಗಿ ಬಂದು ನೋಡಿದರು.

ಆ ಶವಪೆಟ್ಟಿಗೆ ಎಲ್ಲಿತ್ತು ಗೊತ್ತಾ ದೇವಜನರೇ? ಶಿಕಾಗೋದ ರಾಬರ್ಟ್ಸ್ ಟೆಂಪಲ್, ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್. ಒಂದು ಪೆಂತೆಕೊಸ್ತ್ ಸಭೆ. ಹುಡುಗ ಇಳಿದುಕೊಂಡಿದ್ದ ಮನೆಯ ಯಜಮಾನ, ಅವನ ತಾಯಿಯ ಚಿಕ್ಕಪ್ಪ ಮೋಸ್ ರೈಟ್, ಹೊಲ ಗೇಯುವವನು, ಬೋಧಕನೂ ಆಗಿದ್ದ. ಅವನು ಕೋರ್ಟಿನಲ್ಲಿ ಎದ್ದುನಿಂತು ಬಿಳಿಯ ಆರೋಪಿಗಳ ಕಡೆ ಬೆರಳು ತೋರಿಸಿದ. ಆ ಕಾಲದ ಮಿಸಿಸಿಪ್ಪಿಯಲ್ಲಿ ಅದು ಜೀವವನ್ನೇ ಪಣಕ್ಕಿಟ್ಟ ಹಾಗೆ. ಜ್ಯೂರಿಯ 12 ಮಂದಿಯೂ ಬಿಳಿಯ ಗಂಡಸರು. ಒಂದು ತಾಸು ಚಿಲ್ಲರೆ ಹೊತ್ತಿನಲ್ಲಿ ನಿರ್ದೋಷಿಗಳೆಂದು ಬಿಟ್ಟುಬಿಟ್ಟರು. ಮರುವರ್ಷ ಅದೇ ಆರೋಪಿಗಳು ಹಣ ತಗೊಂಡು ಒಂದು ಪತ್ರಿಕೆಗೆ ನಾವೇ ಕೊಂದದ್ದು ಎಂದು ಹೇಳಿಕೆ ಕೊಟ್ಟರು.

ಒಂದೇ ಅಜೂಸಾದಿಂದ ಹುಟ್ಟಿದ ಬಿಳಿಯ ಸಭೆಗಳು, ಕಪ್ಪು ಸಭೆಗಳು. ಒಂದು ಕಡೆ ಶವಪೆಟ್ಟಿಗೆಯ ಸುತ್ತ ಅಳು. ಇನ್ನೊಂದು ಕಡೆ ಹೆಚ್ಚಿನ ಕಡೆಗಳಲ್ಲಿ ಮೌನ. ಒಂದೇ ಪಂಕ್ತಿಯಲ್ಲಿ ಇದ್ದಿದ್ದರೆ ಆ ಹುಡುಗ ಅವರ ಸಂಡೇ ಸ್ಕೂಲಿನ ಹುಡುಗನೂ ಆಗಿರ್ತಿದ್ದ.

ಅದೇ ವರ್ಷ ಡಿಸೆಂಬರ್ 1ರಂದು ಅಲಬಾಮದ ಮಾಂಟ್‌ಗೊಮರಿಯಲ್ಲಿ ಬಸ್ ಡ್ರೈವರ್ ನಾಲ್ಕು ಮಂದಿ ಕಪ್ಪು ಪ್ರಯಾಣಿಕರಿಗೆ ಎದ್ದು ಜಾಗ ಬಿಡಿ ಅಂದ. ಮೂವರು ಎದ್ದರು. ರೋಸಾ ಪಾರ್ಕ್ಸ್ ಏಳಲಿಲ್ಲ. ಪೇತ್ರ ಏಳಬಾರದ ಜಾಗದಿಂದ ಎದ್ದ, ಈ ಸಹೋದರಿ ಏಳಬಾರದ ಜಾಗದಲ್ಲಿ ಕೂತೇ ಇದ್ದಳು! ಅವಳ ಬಂಧನವಾಯ್ತು. ಆಮೇಲೆ 381 ದಿನ ಕಪ್ಪುಜನ ಬಸ್ ಹತ್ತಲಿಲ್ಲ. ಕೆಲಸಕ್ಕೆ ನಡೆದೇ ಹೋದರು, ಕಾರುಗಳಲ್ಲಿ ಹಂಚಿಕೊಂಡು ಹೋದರು. ರಾತ್ರಿ ದೇವಾಲಯಗಳಲ್ಲಿ ಕೂಡಿ ಹಾಡಿ, ಪ್ರಾರ್ಥಿಸಿ, ಮರುದಿನಕ್ಕೆ ಬಲ ಪಡಕೊಂಡರು. ಅವರ ನಾಯಕ ಪಾಸ್ಟರ್ ಮಾರ್ಟಿನ್ ಲೂಥರ್ ಕಿಂಗ್, ಆಗ 26 ವರ್ಷ. 1956ರ ಜನವರಿಯಲ್ಲಿ ಹೆಂಡತಿ, ಹಸುಗೂಸು ಒಳಗಿರುವಾಗಲೇ ಅವರ ಮನೆಗೆ ಬಾಂಬ್ ಹಾಕಿದರು. ರೊಚ್ಚಿಗೆದ್ದು ಬಂದ ಜನರನ್ನು ಕಿಂಗ್ ಸಮಾಧಾನ ಮಾಡಿ, ಆಯುಧ ಬೇಡ ಎಂದು ಮನೆಗೆ ಕಳಿಸಿದರು. ಆ ವರ್ಷದ ಕೊನೆಗೆ ಸುಪ್ರೀಂ ಕೋರ್ಟಿನ ತೀರ್ಪು ಜಾರಿಗೆ ಬಂದು ಬಸ್ಸಿನ ಪಂಕ್ತಿಭೇದ ಮುಗಿಯಿತು.

5. ಮುಖಾಮುಖಿ ನಿಂತವರು

ಪೌಲ ಪೇತ್ರನಿಗೆ ಎದುರುನಿಂತದ್ದು ಶತ್ರುವಾಗಿ ಅಲ್ಲ, ಸಹೋದರನಾಗಿ. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಊರಲ್ಲಿ ಹೋರಾಟ ನಡೆಯುವಾಗ ಎಂಟು ಮಂದಿ ಬಿಳಿಯ ಧರ್ಮಗುರುಗಳು, ಈ ಪ್ರತಿಭಟನೆ ಈಗ ಬೇಡ, ತಾಳ್ಮೆ ಇರಲಿ ಎಂಬ ಅರ್ಥದ ಹೇಳಿಕೆ ಕೊಟ್ಟರು. ಅವರು ಬಾಂಬ್ ಹಾಕುವವರಲ್ಲ, ಮರ್ಯಾದಸ್ಥರು. ಶುಭಶುಕ್ರವಾರದಂದು ಬಂಧಿತರಾಗಿ ಜೈಲಿನಲ್ಲಿದ್ದ ಕಿಂಗ್ ಪತ್ರಿಕೆಯ ಅಂಚುಗಳಲ್ಲಿ ಉತ್ತರ ಬರೆಯಲು ಶುರುಮಾಡಿದರು. ಕಾಯಿರಿ ಎಂದು ಹೇಳೋದು ನೋವು ತಿನ್ನದವನಿಗೆ ಸುಲಭ ಎಂಬುದು ಆ ಪತ್ರದ ಸಾರ. ಸಭೆಯ ಮೌನ ತನ್ನನ್ನು ಎಷ್ಟು ನಿರಾಶೆಗೊಳಿಸಿತೆಂದೂ ಬರೆದರು.

ಅದೇ ಊರಲ್ಲಿ ಸೆಪ್ಟೆಂಬರ್ 15, ಭಾನುವಾರ ಬೆಳಿಗ್ಗೆ, 16ನೇ ಬೀದಿಯ ಬ್ಯಾಪ್ಟಿಸ್ಟ್ ಸಭೆಯಲ್ಲಿ ಬಾಂಬ್ ಸಿಡಿಯಿತು. ಆರಾಧನೆಗೆ ತಯಾರಾಗುತ್ತಿದ್ದ ನಾಲ್ಕು ಹೆಣ್ಣುಮಕ್ಕಳು ಸತ್ತರು. ಮೂವರಿಗೆ 14 ವರ್ಷ, ಒಬ್ಬಳಿಗೆ 11. ಆ ದಿನದ ಪಾಠ ಕ್ಷಮಿಸುವ ಪ್ರೀತಿಯ ಬಗ್ಗೆ ಇತ್ತು. ಮೊದಲ ಅಪರಾಧಿಗೆ ಶಿಕ್ಷೆಯಾದದ್ದು 1977ರಲ್ಲಿ, ಉಳಿದ ಇಬ್ಬರಿಗೆ 2001, 2002ರಲ್ಲಿ. ತಾಳ್ಮೆ ಅಂದ್ರಲ್ಲಾ, ಆ ತಂದೆತಾಯಿಗಳಷ್ಟು ಕಾದವರು ಯಾರು?

1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ, 1965ರಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂದವು. "ಕಾನೂನು ಹೃದಯ ಬದಲಾಯಿಸುತ್ತಾ?" ಅಂತ ವಿಶ್ವಾಸಿಗಳು ಕೇಳ್ತಾರೆ. ಬದಲಾಯಿಸೋದಿಲ್ಲ. ಆದರೆ ಹೊಡೆಯೋ ಕೈಯನ್ನು ಹಿಡಿಯುತ್ತೆ. ಹೃದಯದ ಕೆಲಸ ಸಭೆಯದು. ಆ ಕೆಲಸವನ್ನು ಸಭೆ ಮಾಡದೆ ಕಾನೂನನ್ನು ಹೀಗಳೆಯಬಾರದು.

ಈಗ ಮೆಂಫಿಸ್. 1968ರ ಫೆಬ್ರವರಿ 1ರಂದು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗದೊಳಗೆ ನಿಂತ ಇಬ್ಬರು ಪೌರಕಾರ್ಮಿಕರು ಅದರ ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಕಾರ್ಮಿಕರು ಮುಷ್ಕರ ಹೂಡಿದರು. ಅವರು ಹಿಡಿದ ಫಲಕದಲ್ಲಿ ಇದ್ದದ್ದು ಸಂಬಳದ ಲೆಕ್ಕ ಅಲ್ಲ, ನಾನೊಬ್ಬ ಮನುಷ್ಯ ಎಂಬ ಮಾತು. ಅವರ ಜೊತೆ ನಿಲ್ಲಲು ಕಿಂಗ್ ಬಂದರು. ಏಪ್ರಿಲ್ 3ರ ರಾತ್ರಿ, ಹೊರಗೆ ಗುಡುಗು ಮಳೆ. ಅವರು ಮಾತಾಡಿದ್ದು ಮೇಸನ್ ಟೆಂಪಲಿನಲ್ಲಿ. ಅಜೂಸಾದಲ್ಲಿ ಅಭಿಷೇಕ ಹೊಂದಿ ಬಂದ ಅದೇ ಚಾರ್ಲ್ಸ್ ಮೇಸನ್ನನ ಹೆಸರಿನ ದೇವಾಲಯ. 1961ರಲ್ಲಿ ತೀರಿಕೊಂಡ ಮೇಸನ್ನನ ಸಮಾಧಿಯೂ ಅದೇ ಕಟ್ಟಡದಲ್ಲಿದೆ. ಆ ರಾತ್ರಿ ಕಿಂಗ್ ಒಳ್ಳೆಯ ಸಮಾರ್ಯನ ಕಥೆ ಹೇಳಿದರು. ಇವನಿಗೆ ಸಹಾಯ ಮಾಡಿದರೆ ನನಗೇನಾಗುತ್ತೋ ಎಂಬುದಲ್ಲ, ಮಾಡದಿದ್ದರೆ ಇವನಿಗೇನಾಗುತ್ತೋ ಎಂಬುದೇ ನಿಜವಾದ ಪ್ರಶ್ನೆ ಎಂದು ತಿಳಿಸಿದರು. ಮರುದಿನ ಸಂಜೆ ಅವರನ್ನು ಗುಂಡಿಟ್ಟು ಕೊಂದರು.

6. ಬೋಗುಣಿ ಮತ್ತು ಕುರ್ಚಿ

ಅದೇ ಮೆಂಫಿಸ್ಸಿನಲ್ಲಿ 26 ವರ್ಷ ಕಳೆದು, 1994ರ ಅಕ್ಟೋಬರಿನಲ್ಲಿ, ಬಿಳಿಯ ಮತ್ತು ಕಪ್ಪು ಪೆಂತೆಕೊಸ್ತ್ ನಾಯಕರು ಕೂಡಿದರು. ಚರಿತ್ರೆಯನ್ನು ಮುಚ್ಚಿಡದೆ ಓದಿದರು. ಆಗ ಒಬ್ಬ ಬಿಳಿಯ ಪಾಸ್ಟರ್ ನೀರಿನ ಬೋಗುಣಿ, ವಸ್ತ್ರ ಹಿಡಿದು ಅಳುತ್ತಾ ಮುಂದೆ ಬಂದ. ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್‌ನ ಬಿಷಪ್ ಇಥಿಯೆಲ್ ಕ್ಲೆಮನ್ಸ್ ಅವರ ಪಾದ ತೊಳೆದು ಕ್ಷಮೆ ಬೇಡಿದ. ಆಮೇಲೆ ಕಪ್ಪು ಬಿಷಪ್ ಚಾರ್ಲ್ಸ್ ಬ್ಲೇಕ್, ಅಸೆಂಬ್ಲೀಸ್ ಆಫ್ ಗಾಡ್‌ನ ಮುಖ್ಯಸ್ಥ ಥಾಮಸ್ ಟ್ರಾಸ್ಕ್ ಅವರ ಪಾದ ತೊಳೆದರು. ಯೋಹಾನ 13 ಅಲ್ಲಿ ನಡೆಯಿತು.

ಆದರೆ ಕಣ್ಣೀರಿಗೇ ನಿಲ್ಲಿಸಲಿಲ್ಲ, ಇದು ಮುಖ್ಯ. ಬಿಳಿಯರದೇ ಆಗಿದ್ದ 1948ರ ಒಕ್ಕೂಟವನ್ನು ವಿಸರ್ಜಿಸಿದರು. ಹೊಸ ಒಕ್ಕೂಟ ಕಟ್ಟಿ, ಅದರ ಮಂಡಲಿಗೆ ಆರು ಮಂದಿ ಬಿಳಿಯರು, ಆರು ಮಂದಿ ಕಪ್ಪುಜನ ಎಂದು ಗೊತ್ತುಮಾಡಿದರು. ಮೊದಲ ಅಧ್ಯಕ್ಷ ಯಾರು? ಪಾದ ತೊಳೆಸಿಕೊಂಡ ಬಿಷಪ್ ಕ್ಲೆಮನ್ಸ್. ವಸ್ತ್ರ ಒಣಗುವ ಮುಂಚೆ ಕುರ್ಚಿ ಬದಲಾಯಿತು! ಒಂದೇ ದಿನದಲ್ಲಿ ಎಲ್ಲ ಗಾಯ ವಾಸಿಯಾಗಲಿಲ್ಲ, ಇವತ್ತಿಗೂ ಅಲ್ಲಿ ಎಷ್ಟೋ ಸಭೆಗಳು ಬೇರೆಬೇರೆಯೇ ಇವೆ. ಆದರೂ ಪಶ್ಚಾತ್ತಾಪದ ದಾರಿ ಯಾವುದೆಂದು ಅವರು ತೋರಿಸಿದರು. ಬೋಗುಣಿ ಇದ್ದು ಕುರ್ಚಿ ಬದಲಾಗದಿದ್ದರೆ ಅದು ನಾಟಕ. ಕುರ್ಚಿ ಬದಲಾಗಿ ಬೋಗುಣಿ ಇಲ್ಲದಿದ್ದರೆ ಅದು ಬರೀ ಲೆಕ್ಕಾಚಾರ. ಎರಡೂ ಬೇಕು.

7. ನಮ್ಮ ಪಂಕ್ತಿ

1959ರಲ್ಲಿ ಕಿಂಗ್ ನಮ್ಮ ದೇಶಕ್ಕೆ ಬಂದಿದ್ದರು. ತಿರುವನಂತಪುರದ ಒಂದು ಶಾಲೆಯಲ್ಲಿ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳ ಮುಂದೆ, ಅಮೆರಿಕದಿಂದ ಬಂದ ಒಬ್ಬ ಅಸ್ಪೃಶ್ಯ ಬಂಧು ಎಂಬಂತೆ ಅವರನ್ನು ಪರಿಚಯ ಮಾಡಿಕೊಟ್ಟರು. ಮೊದಲು ಅವರಿಗೆ ಕಸಿವಿಸಿಯಾಯ್ತು. ಆಮೇಲೆ ಯೋಚಿಸಿ, ಹೌದು, ನಾನೂ ನನ್ನ ಜನರೂ ಅದೇ ಎಂದು ಒಪ್ಪಿಕೊಂಡರು. ಅವರು ಇದನ್ನು ತಾವೇ ಒಂದು ಪ್ರಸಂಗದಲ್ಲಿ ಹೇಳಿದ್ದಾರೆ. ಆ ಶಾಲೆಯ ಮುಖ್ಯೋಪಾಧ್ಯಾಯರಿಗೆ ಕಂಡ ಹೋಲಿಕೆ ನಮಗೂ ಕಾಣಬೇಕು.

ಅಮೆರಿಕದವರ ಕಥೆ ಕೇಳಿ ಅಯ್ಯೋ ಪಾಪ ಅನ್ನೋದು ಸುಲಭ. ದಕ್ಷಿಣ ಭಾರತದ ಕೆಲವು ಊರುಗಳಲ್ಲಿ ಕ್ರೈಸ್ತರಿಗೂ ಜಾತಿಗೊಂದು ಸಮಾಧಿಭೂಮಿ ಇದೆ. ಒಂದೇ ಪುನರುತ್ಥಾನ ಕಾಯುವವರ ಮಧ್ಯೆ ಗೋಡೆ! ನಾನು ಮನೆಕೂಟಗಳಿಗೆ ಹೋದಾಗ ಕಾಫಿ ಬರುವ ಹೊತ್ತನ್ನು ಗಮನಿಸ್ತೇನೆ. ಒಂದು ಮನೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ ಬಂತು, ಇಬ್ಬರಿಗೆ ಮಾತ್ರ ಪೇಪರ್ ಕಪ್ಪಿನಲ್ಲಿ. ಯಾರೂ ಏನೂ ಹೇಳಲಿಲ್ಲ. ಆ ಇಬ್ಬರು ಕಪ್ಪು ತೆಗೆದುಕೊಂಡು ಬಾಗಿಲ ಹತ್ತಿರ ಹೋಗಿ ಕುಡಿದರು. ಹತ್ತು ನಿಮಿಷದ ಹಿಂದೆ ಅವರೇ ಆತ್ಮಭರಿತರಾಗಿ ಪ್ರಾರ್ಥಿಸಿದ್ದರು, ನಾವೆಲ್ಲ ಆಮೆನ್ ಅಂದಿದ್ದೆವು. ಆ ಇಬ್ಬರಿಗೆ ನಮ್ಮ ಆಮೆನ್ ನೆನಪಿರುತ್ತಾ, ಆ ಪೇಪರ್ ಕಪ್ಪು ನೆನಪಿರುತ್ತಾ? ನೀವೇ ಹೇಳಿರಿ.

ಹಾಗಾದರೆ ಮಾಡಬೇಕಾದದ್ದು ಏನು? ಮೂರು ವಿಷಯ ಹೇಳ್ತೇನೆ.

ಒಂದು, ಎದ್ದುಹೋಗಬೇಡಿರಿ. ದೇವರು ನಿಮ್ಮನ್ನು ಯಾರ ಪಕ್ಕದಲ್ಲಿ ಕೂರಿಸಿದ್ದಾನೋ ಅವರ ಪಕ್ಕದಲ್ಲೇ ಇರಿ. ಊರಿಂದ ನೆಂಟರು ಬಂದ ದಿನವೂ ಇರಿ. ಪರೀಕ್ಷೆ ಇರೋದು ಆ ದಿನವೇ.

ಎರಡು, ಎದ್ದುಹೋದವರನ್ನು ಕಂಡರೆ ಪ್ರೀತಿಯಿಂದ, ಆದರೆ ಮುಖಾಮುಖಿಯಾಗಿ ಮಾತಾಡಿರಿ. ಪೌಲ ಪೇತ್ರನ ಬೆನ್ನಹಿಂದೆ ಮಾತಾಡಲಿಲ್ಲ. ಮತ್ತು ಪೇತ್ರ ಪೌಲನನ್ನು ದ್ವೇಷಿಸಿದ ಗುರುತು ಎಲ್ಲೂ ಇಲ್ಲ. ತನ್ನ ಎರಡನೆಯ ಪತ್ರಿಕೆಯ ಕೊನೆಯಲ್ಲಿ ಅವನನ್ನು ಪ್ರಿಯ ಸಹೋದರನೆಂದೇ ನೆನೆಯುತ್ತಾನೆ. ಗದರಿಕೆಯ ಆಚೆಗೂ ಸಹೋದರತ್ವ ಉಳಿಯಿತು.

ಮೂರು, ಕುರ್ಚಿಗಳನ್ನು ಎಣಿಸಿರಿ. ಹಿರಿಯರ ಮಂಡಲಿಯಲ್ಲಿ ಯಾರಿದ್ದಾರೆ? ಸಭೆ ಗುಡಿಸುವವರು ಯಾರು, ಮೈಕ್ ಹಿಡಿಯುವವರು ಯಾರು? ಮಗಳ ಮದುವೆ ಮಾತು ಬಂದಾಗ "ವಿಶ್ವಾಸಿ ಆಗಿದ್ದರೆ ಸಾಕು" ಎಂಬ ನಮ್ಮ ಸಾಕ್ಷಿ ಎಲ್ಲಿಯವರೆಗೆ ನಿಲ್ಲುತ್ತೆ?

ಎಫೆಸದವರಿಗೆ 2:14ನ್ನು ಮನೆಯಲ್ಲಿ ಓದಿರಿ. ನಡುವಿನ ಗೋಡೆಯನ್ನು ಕ್ರಿಸ್ತನು ತನ್ನ ಶರೀರವನ್ನೇ ಕೊಟ್ಟು ಕೆಡವಿದ್ದಾನೆ. ಬಿದ್ದ ಗೋಡೆಯ ಕಲ್ಲುಗಳನ್ನು ಆರಿಸಿ ತಂದು ಮತ್ತೆ ಕಟ್ಟುವವರು ನಾವಾಗದಿರೋಣ. ಆಮೆನ್ ಹೇಳೋಣವಾ? ಆಮೆನ್.

ಮನೆಕೂಟದಲ್ಲಿ ಚರ್ಚಿಸಲು:

1. ಅಪೊಸ್ತಲರ ಕೃತ್ಯಗಳು 10ರ ಪೇತ್ರನಿಗೂ ಗಲಾತ್ಯ 2ರ ಪೇತ್ರನಿಗೂ ಏನು ವ್ಯತ್ಯಾಸ? ಅವನು ಯಾರಿಗೆ ಹೆದರಿದ?

2. ಅಜೂಸಾದಲ್ಲಿ ಒಂದಾಗಿದ್ದವರು ಬೇರೆಯಾಗಲು ಕೊಟ್ಟ ಕಾರಣಗಳಲ್ಲಿ ಯಾವುದು ನಮ್ಮ ಬಾಯಲ್ಲೂ ಬರುತ್ತದೆ?

3. ಬೋಗುಣಿ, ಕುರ್ಚಿ: ಈ ಎರಡರಲ್ಲಿ ನಮ್ಮ ಕೂಟದಲ್ಲಿ ಯಾವುದು ಕಡಿಮೆ ಇದೆ?

4. ಈ ವಾರ ನೀವು ಯಾರ ಮನೆಗೆ ಊಟಕ್ಕೆ ಹೋಗಬಹುದು, ಯಾರನ್ನು ಕರೆಯಬಹುದು? ಹೆಸರು ಬರೆದು ಪ್ರಾರ್ಥಿಸಿರಿ.

ತಲೆಬಾಗಿ ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಪೂರ್ವ ಪಶ್ಚಿಮಗಳಿಂದ ಜನರನ್ನು ಕರೆದು ಒಂದೇ ಔತಣಕ್ಕೆ ಕೂರಿಸುವ ದೇವರು ನೀನು. ಬಾಗಿಲ ಹತ್ತಿರ ನಿಂತು ಕುಡಿಯುವವರನ್ನು ಇಂದು ನಮ್ಮ ಕಣ್ಣಿಗೆ ಕಾಣಿಸು. ಎಬ್ಬಿಸಲ್ಪಟ್ಟವರ ಗಾಯವನ್ನು ನಿನ್ನ ಕೈಯಿಂದ ಮುಟ್ಟು. ಜನರ ಭಯವನ್ನು ನಮ್ಮಿಂದ ತೆಗೆದುಹಾಕು. ನಿನ್ನ ಆತ್ಮನು ಕೂರಿಸಿದ ಜಾಗದಲ್ಲಿ ಕೂತಿರುವ ಧೈರ್ಯವನ್ನು ಈ ಸಭೆಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.

ಕರ್ತನು ನಿಮ್ಮೆಲ್ಲರನ್ನು ಆಶೀರ್ವದಿಸಲಿ. ಮುಂದಿನ ಭಾನುವಾರ ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯವನ್ನು ಓದಿಕೊಂಡು ಬನ್ನಿರಿ.